ಬಲಗಡೆ ಬೆನ್ನಿನ ಚರ್ಮ, ಎಡಗಡೆ ತೊಡೆಯ ಚರ್ಮ: ನನ್ನ ಎಚ್‌ಎಸ್ ಆಪರೇಷನ್‌ಗಳ ಅನುಭವ

ಕಂಕುಳಲ್ಲಿ ಕುರು ಎದ್ದರೆ ಕೊಯ್ದು ಕೀವು ತೆಗೆದರೆ ಮುಗೀತು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಏಳುತ್ತಿದ್ದರೆ ಅದು ಹಾಗೆ ಮುಗಿಯುವುದಿಲ್ಲ. ನನಗಿರುವುದು ಅಂಥದ್ದೇ ಒಂದು ಚರ್ಮದ ಕಾಯಿಲೆ, ಹೈಡ್ರಡೆನೈಟಿಸ್ ಸಪ್ಪುರಟೈವಾ, ಚಿಕ್ಕದಾಗಿ ಎಚ್‌ಎಸ್. ನನ್ನ ಎರಡೂ ಕಂಕುಳಿನ ಚರ್ಮವನ್ನು ಕೆಳಗಿನ ಕೊಬ್ಬಿನ ಸಮೇತ ಡಾಕ್ಟರು ತೆಗೆದುಹಾಕಿದ್ದಾರೆ. ಬಲಗಡೆ ಈಗ ಇರುವುದು ನನ್ನ ಬೆನ್ನಿನ ಚರ್ಮ. ಎಡಗಡೆ ಇರುವುದು ತೊಡೆಯ ಚರ್ಮ. ಎರಡು ಬೇರೆ ಬೇರೆ ವಿಧಾನ ನನ್ನ ಮೈಮೇಲೇ ಆಗಿರುವುದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಬಲ್ಲೆ. ಆಪರೇಷನ್‌ಗೆ ಮೊದಲು ಕನ್ನಡದಲ್ಲಿ ಇಂಥದ್ದೊಂದು ಬರಹ ಸಿಗುತ್ತದಾ ಅಂತ ತುಂಬ ಹುಡುಕಿದ್ದೆ. ಯಾರಾದರೂ ಈಗ ಹಾಗೆ ಹುಡುಕುತ್ತಿದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮೇಲಿನ ರ‍್ಯಾಕಿನಿಂದ ಸೀರೆ ಇಳಿಸುವುದು, ಗಿರಾಕಿಗಳ ಮುಂದೆ ಹಾಸುವುದು, ಸೆರಗು ಹೆಗಲ ಮೇಲೆ ಹಾಕಿ ತೋರಿಸುವುದು, ಮತ್ತೆ ಮಡಚಿ ಮೇಲಿಡುವುದು. ಮದುವೆ ಸೀಸನ್ ಬಂತೆಂದರೆ ಬೆಳಗ್ಗೆಯಿಂದ ರಾತ್ರಿವರೆಗೆ ಕೈ ಕೆಳಗೆ ಇಳಿಯುವುದೇ ಇಲ್ಲ. ಈ ಕೆಲಸಕ್ಕೂ ಈ ಕಾಯಿಲೆಗೂ ಎಂಥ ವೈರ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪಿಯುಸಿ ಮುಗಿಸಿದ ವರ್ಷ ಬಲ ಕಂಕುಳಲ್ಲಿ ಮೊದಲ ಗಂಟು ಬಂತು. ಅವ್ವ ಸುಣ್ಣ ಬೆಲ್ಲ ಕಲಸಿ ಹಚ್ಚಿದಳು. "ಉಷ್ಣ ಜಾಸ್ತಿ ಆಗೈತಿ, ಮಜ್ಜಿಗೆ ಕುಡಿ" ಅಂದಳು. ಗಂಟು ಒಡೆದು ಹೋಯಿತು. ಕೆಲವು ತಿಂಗಳಿಗೆ ಪಕ್ಕದಲ್ಲೇ ಇನ್ನೊಂದು. ಆಮೇಲೆ ಎಡ ಕಂಕುಳು, ಆಮೇಲೆ ತೊಡೆಸಂದು. ಕ್ಲಿನಿಕ್‌ಗೆ ಹೋದರೆ ಕೊಯ್ದು, ಕೀವು ತೆಗೆದು, ಒಳಗೆ ಗಾಜ್ ಬತ್ತಿ ತುರುಕಿ, ಐದು ದಿನದ ಮಾತ್ರೆ ಬರೆದುಕೊಡುತ್ತಿದ್ದರು. ನೋವು ಅವತ್ತೇ ಇಳಿಯುತ್ತಿತ್ತು, ಅದು ನಿಜ. ಆದರೆ ಕುರು ವಾಪಸ್ ಬರುತ್ತಿತ್ತು. ಶುಗರ್ ನೋಡಿದರು, ನಾರ್ಮಲ್. ಟಿಬಿ ಇರಬಹುದು ಅಂತ ಕೀವನ್ನು ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿದರು, ಅದೂ ಇಲ್ಲ. ಹೀಗೇ ಹತ್ತು ವರ್ಷಕ್ಕೂ ಜಾಸ್ತಿ ಕಳೆಯಿತು. ಇದು ನನ್ನೊಬ್ಬಳ ಕಥೆ ಅಲ್ಲ. ಬೇರೆ ದೇಶಗಳಲ್ಲೂ ಈ ಕಾಯಿಲೆ ಗುರುತಾಗುವಷ್ಟರಲ್ಲಿ ಸರಾಸರಿ ಏಳರಿಂದ ಹತ್ತು ವರ್ಷ ಹೋಗಿರುತ್ತದೆ.

ಆ ವರ್ಷಗಳಲ್ಲಿ ನೋವಿಗಿಂತ ಹೆಚ್ಚು ಕಾಡಿದ್ದು ವಾಸನೆ. ಕೀವು ಯಾವಾಗ ಸೋರುತ್ತದೆ ಅಂತ ಹೇಳಲಾಗುತ್ತಿರಲಿಲ್ಲ. ಬ್ಲೌಸಿನ ಒಳಗೆ ಸ್ಯಾನಿಟರಿ ಪ್ಯಾಡ್ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಕಪ್ಪು, ಮರೂನ್, ಕಡು ನೀಲಿ ಬಿಟ್ಟು ಬೇರೆ ಬಣ್ಣದ ಬ್ಲೌಸ್ ಹೊಲಿಸಲಿಲ್ಲ. ಜೊತೆಗೆ ಕೆಲಸ ಮಾಡುವವರೊಬ್ಬರು ಒಳ್ಳೆ ಮಾತಿನಲ್ಲೇ "ಸ್ನಾನ ಸರಿಯಾಗಿ ಮಾಡಮ್ಮ" ಅಂದಿದ್ದರು. ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದವಳಿಗೆ ಆ ಮಾತು ಹೇಗೆ ತಾಗಿರಬೇಡ.

ಕಾಯಿಲೆಗೆ ಹೆಸರು ಸಿಕ್ಕಿದ್ದು ಒಬ್ಬ ಚರ್ಮದ ಡಾಕ್ಟರ ಹತ್ತಿರ. ಅವರು ಎರಡೂ ಕೈ ಎತ್ತಿಸಿದರು. ತೊಡೆಸಂದು ನೋಡಿದರು, ಎದೆಯ ಕೆಳಗೆ ನೋಡಿದರು. ಒಂದೇ ಕಡೆ ಎರಡು ಕಪ್ಪು ಚುಕ್ಕೆ ಜೋಡಿಯಾಗಿರುವುದನ್ನು ಬೆರಳಿಟ್ಟು ತೋರಿಸಿದರು. ಚರ್ಮದ ಒಂದೇ ರಂಧ್ರಕ್ಕೆ ಎರಡು ಬಾಯಿ. ಈ ಕಾಯಿಲೆಯ ಗುರುತಿನಲ್ಲಿ ಅದೂ ಒಂದಂತೆ. "ಎಷ್ಟು ವರ್ಷದಿಂದ? ಆರು ತಿಂಗಳಲ್ಲಿ ಎರಡು ಸಲಕ್ಕಿಂತ ಜಾಸ್ತಿ ಬರುತ್ತಾ? ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?" ಅಂತ ಕೇಳಿದರು. ಬಯಾಪ್ಸಿ ಇಲ್ಲ, ಸ್ಕ್ಯಾನ್ ಇಲ್ಲ. "ಇದು ಹೈಡ್ರಡೆನೈಟಿಸ್ ಸಪ್ಪುರಟೈವಾ. ಎಚ್‌ಎಸ್ ಅಂತೀವಿ" ಅಂದರು.

ಅವರು ಹೇಳಿದ್ದನ್ನು ನನಗೆ ಅರ್ಥ ಆದ ಹಾಗೆ ಹೇಳುತ್ತೇನೆ. ಕೂದಲಿನ ಬುಡದ ಚೀಲದ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ತುಂಬಿಕೊಂಡು ಚೀಲ ಚರ್ಮದ ಅಡಿಯಲ್ಲೇ ಒಡೆಯುತ್ತದೆ. ದೇಹದ ರೋಗನಿರೋಧಕ ಶಕ್ತಿ ಅದರ ಮೇಲೆ ಅತಿಯಾಗಿ ಮುಗಿಬೀಳುತ್ತದೆ. ಊತ, ಕೀವು, ಗಾಯ ಎಲ್ಲ ಅಲ್ಲಿಂದ ಶುರು. ಇದು ಕೊಳೆಯಿಂದ ಬರುವ ಕಾಯಿಲೆ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಗಂಡ, ಮಕ್ಕಳ ಜೊತೆ ಸೋಪು, ಟವೆಲ್ ಹಂಚಿಕೊಂಡರೂ ಹರಡುವುದಿಲ್ಲ. ಸಿಗರೇಟು ಮತ್ತು ದಪ್ಪ ಮೈ ಇದನ್ನು ಜೋರು ಮಾಡುತ್ತವೆ. ಈ ಕಾಯಿಲೆ ಇರುವ ಮೂವರಲ್ಲಿ ಒಬ್ಬರ ಮನೆಯಲ್ಲಾದರೂ ಇನ್ನೊಬ್ಬರಿಗೆ ಇರುತ್ತದೆ. ಫ್ರಾನ್ಸಿನ ಸರ್ಜನ್ ವರ್ನ್ಯೂಯ್ 1854ರಲ್ಲೇ ಇದಕ್ಕೆ ಹೆಸರಿಟ್ಟಿದ್ದರು. ಇಷ್ಟು ಹಳೆಯ ಕಾಯಿಲೆಯ ಹೆಸರು ನಮ್ಮೂರ ಯಾವ ಕ್ಲಿನಿಕ್‌ನಲ್ಲೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹಂತಗಳನ್ನು ಹರ್ಲಿ ಎನ್ನುವವರ ಹೆಸರಿನಲ್ಲಿ ಅಳೆಯುತ್ತಾರೆ. ಒಂದು ಎಂದರೆ ಗಂಟು, ಬಾವು ಮಾತ್ರ. ಎರಡು ಎಂದರೆ ಕುರುಗಳ ಅಡಿಯಲ್ಲಿ ಸುರಂಗ ಮತ್ತು ಕಲೆ ಶುರುವಾಗಿರುತ್ತದೆ, ಆದರೆ ನಡುವೆ ಒಳ್ಳೆಯ ಚರ್ಮ ಉಳಿದಿರುತ್ತದೆ. ಮೂರು ಎಂದರೆ ಇಡೀ ಜಾಗವೇ ಒಂದಕ್ಕೊಂದು ಕೂಡಿಕೊಂಡಿರುತ್ತದೆ. ನನ್ನ ಕಂಕುಳು ಎರಡೂ ಮೂರನೇ ಹಂತ. ತೊಡೆಸಂದು ಎರಡು.

ಮೊದಲು ಮಾತ್ರೆ. ಕ್ಲಿಂಡಾಮೈಸಿನ್ ಮತ್ತು ರಿಫಾಂಪಿಸಿನ್, ಎರಡೂ 300 ಮಿಲಿಗ್ರಾಂ, ದಿನಕ್ಕೆರಡು ಸಲ, ಸುಮಾರು ಮೂರು ತಿಂಗಳು. ಉಚ್ಚೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಅಂತ ಮೊದಲೇ ಹೇಳಿದ್ದರು. ಬೆವರು, ಕಣ್ಣೀರು ಕೂಡ ಹಾಗೇ. ಒಂದು ವಿಷಯವನ್ನು ಹೆಣ್ಣುಮಕ್ಕಳು ಗಮನದಲ್ಲಿಡಿ. ರಿಫಾಂಪಿಸಿನ್ ತಗೊಳ್ಳುವಾಗ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಮಾತ್ರೆ ತಗೊಳ್ಳುತ್ತಿದ್ದರೆ ನೀವಾಗಿಯೇ ಡಾಕ್ಟರಿಗೆ ಹೇಳಿ.

ಆಮೇಲೆ ಅಡಾಲಿಮುಮ್ಯಾಬ್ ಇಂಜೆಕ್ಷನ್. ರೋಗನಿರೋಧಕ ಶಕ್ತಿಯ ಅತಿರೇಕವನ್ನು ತಗ್ಗಿಸುವ ಔಷಧಿ ಇದು. ನಮ್ಮ ದೇಶದಲ್ಲೇ ತಯಾರಾಗುವ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲುವ ಔಷಧಿ) ಇರುವುದರಿಂದ ಹೊರಗಿನದಕ್ಕಿಂತ ಅಗ್ಗ. ಆದರೂ ಸಾಮಾನ್ಯ ಸಂಬಳದವರಿಗೆ ಭಾರವೇ. ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ ತೆಗೆದು, ಟಿಬಿ ಪರೀಕ್ಷೆ ಮಾಡಿದರು. ಮೈಯಲ್ಲಿ ಟಿಬಿ ಮಲಗಿದ್ದರೆ ಈ ಔಷಧಿ ಅದನ್ನು ಎಬ್ಬಿಸಬಹುದು. ಮೊದಲ ಸಲ 160 ಮಿಲಿಗ್ರಾಂ, ಎರಡು ವಾರಕ್ಕೆ 80, ನಾಲ್ಕನೇ ವಾರದಿಂದ ವಾರ ವಾರ 40. ಹೊಟ್ಟೆಯ ಚರ್ಮಕ್ಕೆ ನಾನೇ ಚುಚ್ಚಿಕೊಳ್ಳುವುದು ಕಲಿತೆ. ಊತ ಇಳಿಯಿತು, ಕೀವು ಕಡಿಮೆ ಆಯಿತು, ರಾತ್ರಿ ನಿದ್ದೆ ಬಂತು. ಆದರೆ ಸುರಂಗಗಳು ಹಾಗೇ ಉಳಿದವು. ಅವುಗಳ ಒಳಗೋಡೆಗೆ ಚರ್ಮದಂಥದ್ದೇ ಪದರ ಬೆಳೆದುಬಿಟ್ಟಿರುತ್ತದೆ. ಯಾವ ಔಷಧಿಯೂ ಅದನ್ನು ಅಳಿಸುವುದಿಲ್ಲ. "ಔಷಧಿ ಬೆಂಕಿ ಆರಿಸುತ್ತೆ. ಸುರಂಗ ತೆಗೆಯೋಕೆ ಸರ್ಜನ್ ಬೇಕು" ಅಂದರು ಚರ್ಮದ ಡಾಕ್ಟರು. ನನ್ನನ್ನು ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಕಳಿಸಿದರು.

ದುಡ್ಡಿನ ಮಾತನ್ನು ಇಲ್ಲೇ ಮುಗಿಸುತ್ತೇನೆ. ನಮ್ಮ ಅಂಗಡಿ ಇಎಸ್‌ಐಗೆ, ಅಂದರೆ ಕೆಲಸಗಾರರ ಸರ್ಕಾರಿ ವಿಮಾ ಯೋಜನೆಗೆ, ಸೇರಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು ಅನ್ವಯಿಸುತ್ತದೆ. ಡಿಸ್ಪೆನ್ಸರಿಯಿಂದ ರೆಫರಲ್ ಮಾಡಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆ. ರಜೆಯ ದಿನಗಳಿಗೆ ಸಂಬಳದ ಶೇಕಡಾ 70ರಷ್ಟು ಸಿಕ್‌ನೆಸ್ ಬೆನಿಫಿಟ್ 91 ದಿನದವರೆಗೆ ಸಿಗುತ್ತದೆ. ನಮ್ಮಂಥ ಅಂಗಡಿ ಕೆಲಸದವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಇಎಸ್‌ಐ ಇಲ್ಲದ ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಅದರಲ್ಲಿದೆ.

ಸರ್ಜನ್ ಜೊತೆ ಆಡಿದ ಮೊದಲ ಮಾತುಕತೆ ನನಗೆ ಪೂರ್ತಿ ನೆನಪಿದೆ. ಅವರು ಒಂದು ಬಿಳಿ ಹಾಳೆ ತಗೊಂಡು ಚಿತ್ರ ಬರೆದರು. ಮೇಲೆ ಒಂದು ಗೆರೆ, ಅದು ಚರ್ಮ. ಅದರಲ್ಲಿ ನಾಲ್ಕಾರು ತೂತು. ಕೆಳಗೆ ತೂತಿನಿಂದ ತೂತಿಗೆ ಹೋಗುವ ಸೊಟ್ಟ ದಾರಿಗಳು. ಹುತ್ತದ ಒಳಗೂ ಹೀಗೇ ಅಲ್ವಾ? ಮೇಲಿನ ಒಂದು ಬಾಯಿ ಮುಚ್ಚಿದರೂ ಒಳಗಿನ ದಾರಿ ಹಾಗೇ ಉಳಿಯುತ್ತದೆ. ಇಷ್ಟು ವರ್ಷ ಕ್ಲಿನಿಕ್‌ಗಳಲ್ಲಿ ಕೊಯ್ದಿದ್ದೆಲ್ಲ ಒಂದೊಂದು ಬಾಯನ್ನು ಮಾತ್ರ.

"ಮೂರು ದಾರಿ ಇದೆ ನೋಡಮ್ಮ" ಅಂದರು. ಮೊದಲನೆಯದು ಡಿರೂಫಿಂಗ್. ಸುರಂಗದ ಮೇಲ್ಛಾವಣಿಯನ್ನು ಮಾತ್ರ ಕತ್ತರಿಸಿ ತೆಗೆದು, ತಳವನ್ನು ಕೆರೆದು, ತೆರೆದೇ ಬಿಡುವುದು. ಗಾಯ ತಾನಾಗಿ ಅಡಿಯಿಂದ ತುಂಬಿಕೊಳ್ಳುತ್ತದೆ. ಎರಡನೆಯದು ಆ ಒಂದು ಗಂಟನ್ನಷ್ಟೇ ಕತ್ತರಿಸುವುದು. ಮೂರನೆಯದು ವೈಡ್ ಎಕ್ಸಿಷನ್. ಕಾಯಿಲೆ ಇರುವ ಇಡೀ ಜಾಗವನ್ನು ಅಂಚಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ತೆಗೆದುಬಿಡುವುದು. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ವೈಡ್ ಎಕ್ಸಿಷನ್ ಆದವರಲ್ಲಿ ಶೇಕಡಾ 13 ಜನಕ್ಕೆ ಮತ್ತೆ ಬಂದಿತ್ತು. ಗಂಟನ್ನಷ್ಟೇ ತೆಗೆದವರಲ್ಲಿ 22, ಡಿರೂಫಿಂಗ್‌ನಲ್ಲಿ 27. ತೆಗೆದ ಜಾಗವನ್ನು ಹೇಗೆ ಮುಚ್ಚಿದರು ಎನ್ನುವುದರ ಮೇಲೂ ವ್ಯತ್ಯಾಸ ಇತ್ತು. ಎರಡು ಅಂಚು ಎಳೆದು ನೇರ ಹೊಲಿದರೆ 15, ಫ್ಲ್ಯಾಪ್ (ರಕ್ತನಾಳದ ಸಮೇತ ಹತ್ತಿರದಿಂದ ತಿರುಗಿಸಿ ತರುವ ದಪ್ಪ ಚರ್ಮ) ಹಾಕಿದರೆ 8, ಚರ್ಮ ಕಸಿ (ಬೇರೆ ಕಡೆಯಿಂದ ತೆಳ್ಳಗೆ ತೆಗೆದು ಹಾಸುವ ಚರ್ಮ) ಮಾಡಿದರೆ 6. "ಕೊಯ್ಯೋದು ದೊಡ್ಡ ಕೆಲಸ ಅಲ್ಲ. ಕೊಯ್ದ ಜಾಗ ಮುಚ್ಚೋದು ದೊಡ್ಡ ಕೆಲಸ" ಅಂತ ಅವರು ಹೇಳಿದ್ದು ಅವತ್ತು ಸುಮ್ನೆ ಮಾತು ಅನಿಸಿತ್ತು. ಆಮೇಲಿನ ತಿಂಗಳುಗಳಲ್ಲಿ ಅದು ಎಷ್ಟು ಸತ್ಯ ಅಂತ ತಿಳಿಯಿತು.

ಎರಡೂ ಕಂಕುಳು ಒಟ್ಟಿಗೆ ಮಾಡಿಬಿಡಿ ಅಂತ ಕೇಳಿದೆ. ಅವರು ಒಪ್ಪಲಿಲ್ಲ. ಊಟ ಮಾಡಲು, ತೊಳೆದುಕೊಳ್ಳಲು ಒಂದು ಕೈಯಾದರೂ ಬೇಕು. ಬಲಗಡೆ ಕಾಯಿಲೆ ಆಳಕ್ಕೆ ಹೋಗಿತ್ತು, ಆದರೆ ಅಗಲ ಕಡಿಮೆ. ತೆಗೆದರೆ ಕೈಗೆ ಹೋಗುವ ರಕ್ತನಾಳದ ಹತ್ತಿರಕ್ಕೆ ಬರುತ್ತದೆ. ಅಲ್ಲಿ ದಪ್ಪ ಹೊದಿಕೆ ಬೇಕು. ಅದಕ್ಕೆ ಬೆನ್ನಿನಿಂದ ಫ್ಲ್ಯಾಪ್. ಎಡಗಡೆ ಅಷ್ಟು ಆಳ ಇಲ್ಲ, ಆದರೆ ತೋಳಿಗೂ ಎದೆಯ ಪಕ್ಕಕ್ಕೂ ಹರಡಿತ್ತು. ಬೆನ್ನಿನ ಗಾಯವನ್ನು ನೇರ ಹೊಲಿದು ಮುಚ್ಚಲು ಆಗುವಷ್ಟು ಅಗಲದ ಚರ್ಮವನ್ನಷ್ಟೇ ಅಲ್ಲಿಂದ ತರಬಹುದು. ಅದು ಎಡಗಡೆಗೆ ಸಾಲದು. ಹಾಗಾಗಿ ತೊಡೆಯ ಚರ್ಮ ಕಸಿ.

ಮೊದಲು ನನ್ನನ್ನು ಸಿದ್ಧ ಮಾಡಿದರು. ವರ್ಷಗಟ್ಟಲೆ ಊತ ಇದ್ದಿದ್ದರಿಂದ ಹಿಮೋಗ್ಲೋಬಿನ್ ಕಡಿಮೆ ಆಗಿತ್ತು. ಕಬ್ಬಿಣದ ಇಂಜೆಕ್ಷನ್ ಹಾಕಿದರು. ದಿನಾ ಮೊಟ್ಟೆ, ಕಾಳು, ಬೇಳೆ ತಿನ್ನಲು ಹೇಳಿದರು. ಗಾಯ ಕೂಡಲು ಪ್ರೋಟೀನ್ ಬೇಕು. ಸಿಗರೇಟು, ಬೀಡಿ, ತಂಬಾಕು ಇದೆಯಾ ಅಂತ ಮೂರು ಬೇರೆ ಬೇರೆ ಡಾಕ್ಟರು ಕೇಳಿದರು. ನಿಕೋಟಿನ್‌ನಿಂದ ಸಣ್ಣ ರಕ್ತನಾಳ ಬಿಗಿಯುತ್ತದೆ, ಫ್ಲ್ಯಾಪ್‌ನ ತುದಿ ಸಾಯುತ್ತದೆ. ಅಡಾಲಿಮುಮ್ಯಾಬ್ ನಿಲ್ಲಿಸಬೇಕಾ ಎಂಬ ಪ್ರಶ್ನೆ ಬಂತು. ಆಪರೇಷನ್‌ನ ಹಿಂದೆ ಮುಂದೆ ಮುಂದುವರಿಸಿದರೂ ಸೋಂಕು ಹೆಚ್ಚಾಗಲಿಲ್ಲ ಅಂತ ತೋರಿಸಿದ ದೊಡ್ಡ ಅಧ್ಯಯನ 2021ರಲ್ಲಿ ಬಂದಿದೆ. ಚರ್ಮದ ಡಾಕ್ಟರು, ಸರ್ಜನ್ ಇಬ್ಬರೂ ಮಾತಾಡಿಕೊಂಡು ನನಗೆ ಮುಂದುವರಿಸಿದರು. ಈ ಕಾಯಿಲೆಯಲ್ಲಿ ಈ ಇಬ್ಬರು ಪರಸ್ಪರ ಮಾತಾಡುವ ಆಸ್ಪತ್ರೆಗೇ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಪರೇಷನ್ ಹಿಂದಿನ ಸಂಜೆ ಸರ್ಜನ್ ನನ್ನನ್ನು ನಿಲ್ಲಿಸಿ ಮಾರ್ಕರ್‌ನಿಂದ ಗುರುತು ಹಾಕಿದರು. ಕಂಕುಳ ಸುತ್ತ ಒಂದು ಗೆರೆ. ಆಮೇಲೆ ಬೆನ್ನಿನ ಮೇಲೆ ಪೆನ್ನಿನಂಥ ಒಂದು ಡಾಪ್ಲರ್ (ರಕ್ತದ ಹರಿವಿನ ಸದ್ದು ಕೇಳಿಸುವ ಸಾಧನ) ಇಟ್ಟು ಹುಡುಕಿದರು. ಕರಕರ ಸದ್ದಷ್ಟೇ ಕೇಳುತ್ತಿತ್ತು. ಒಂದು ಜಾಗಕ್ಕೆ ಬಂದಾಗ "ಶೂ… ಶೂ… ಶೂ…" ಅಂತ ನನ್ನ ನಾಡಿಯ ಲಯದಲ್ಲೇ ಸದ್ದು ಬಂತು. "ಇದೇ ನಮ್ಮ ರಕ್ತನಾಳ" ಅಂದು ಅಲ್ಲಿ ಒಂದು ಗುಣಿಸು ಚಿಹ್ನೆ ಹಾಕಿದರು. ಬೆನ್ನಿನ ದೊಡ್ಡ ಸ್ನಾಯುವನ್ನು ತೂರಿ ಮೇಲೆ ಬರುವ ಆ ಒಂದು ಸಣ್ಣ ನಾಳವೇ ಹೊಸ ಚರ್ಮಕ್ಕೆ ರಕ್ತ ಕೊಡಬೇಕು. ಸ್ನಾಯುವನ್ನು ಬಿಟ್ಟು ಚರ್ಮ ಮತ್ತು ಕೊಬ್ಬನ್ನು ಮಾತ್ರ ಆ ನಾಳದ ಸಮೇತ ಎತ್ತಿ, ಬುಡದ ಸಂಪರ್ಕ ಕಡಿಯದೆ, ಮುಂದಕ್ಕೆ ತಿರುಗಿಸಿ ಕಂಕುಳಲ್ಲಿ ಕೂರಿಸುತ್ತಾರೆ. ಟಿಡ್ಯಾಪ್ ಫ್ಲ್ಯಾಪ್ ಅಂತ ಇದನ್ನು ಕರೆಯುತ್ತಾರೆ. ಆ ರಾತ್ರಿ ಬೆನ್ನು ಕೆಳಗಿಟ್ಟು ಮಲಗಲು ಭಯ ಆಯಿತು, ಎಲ್ಲಿ ಆ ಗುರುತು ಅಳಿಸಿಹೋಗುತ್ತದೋ ಅಂತ.

ಬೆಳಗ್ಗೆ ಓಟಿಗೆ ಕರೆದುಕೊಂಡು ಹೋದರು. ಪೂರ್ತಿ ಅರಿವಳಿಕೆ. ಒಳಗೆ ನಡೆದಿದ್ದನ್ನು ಆಮೇಲೆ ಸರ್ಜನ್ ಹೇಳಿದರು. ತೂತುಗಳ ಒಳಗೆ ಮಿಥಿಲೀನ್ ಬ್ಲೂ ಎನ್ನುವ ನೀಲಿ ಬಣ್ಣ ಬಿಟ್ಟು, ಅದು ಎಲ್ಲೆಲ್ಲಿ ಹರಿಯಿತೋ ಅಲ್ಲಿಗೆಲ್ಲ ಸುರಂಗ ಇದೆ ಅಂತ ನೋಡುತ್ತಾರೆ. ಮಾರ್ಕರ್ ಗೆರೆ ದಾಟಿ ಎದೆಯ ಕಡೆಗೆ ಒಂದು ಕವಲು ಹೋಗಿತ್ತಂತೆ. ಹೊರಗಿನಿಂದ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಅದನ್ನೂ ಸೇರಿಸಿ ತೆಗೆದರು. ತೆಗೆದಿದ್ದನ್ನೆಲ್ಲ ಪರೀಕ್ಷೆಗೆ ಕಳಿಸಿದರು. ವರ್ಷಗಟ್ಟಲೆ ಉಳಿದ ಇಂಥ ಹುಣ್ಣಿನಲ್ಲಿ ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ. ಅದರಲ್ಲೂ ಕುಂಡಿ, ಗುದದ ಸುತ್ತಲಿನ ಹಳೆಯ ಹುಣ್ಣುಗಳಲ್ಲಿ ಜಾಸ್ತಿ. ನನ್ನ ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರಿಗೂ ಊಟ ಸರಿಯಾಗಿ ಸೇರಲಿಲ್ಲ. ಕ್ಯಾನ್ಸರ್ ಇರಲಿಲ್ಲ.

ಎಚ್ಚರ ಆದಾಗ ಕೈಯನ್ನು ಮೈಯಿಂದ ದೂರ ಇಟ್ಟು ದಿಂಬುಗಳ ಮೇಲೆ ಮಲಗಿಸಿದ್ದರು. ಬೆನ್ನಿನಲ್ಲೊಂದು, ಕಂಕುಳಲ್ಲೊಂದು ಸಕ್ಷನ್ ಡ್ರೈನ್, ಅಂದರೆ ಒಳಗೆ ಸೇರುವ ರಕ್ತ, ನೀರನ್ನು ಹೊರಗೆ ಎಳೆಯುವ ನಳಿಕೆ. ಮೊದಲ ರಾತ್ರಿ ಸಿಸ್ಟರ್ ಗಂಟೆ ಗಂಟೆಗೂ ಬಂದು ಡ್ರೆಸಿಂಗ್‌ನಲ್ಲಿ ಬಿಟ್ಟಿದ್ದ ಒಂದು ಕಿಂಡಿಯಿಂದ ಫ್ಲ್ಯಾಪ್ ನೋಡುತ್ತಿದ್ದರು. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುವುದು. ಬಿಳಿಚಿದ ಜಾಗಕ್ಕೆ ಬಣ್ಣ ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಅಂತ ಎಣಿಸುವುದು. ತೀರ ತಡವಾದರೆ ರಕ್ತ ಬರುತ್ತಿಲ್ಲ ಎಂದು. ತೀರ ಬೇಗ ಬಂದು ನೀಲಿಗಟ್ಟಿದರೆ ಬಂದ ರಕ್ತ ವಾಪಸ್ ಹೋಗುತ್ತಿಲ್ಲ ಎಂದು. ಒಮ್ಮೆ ಸಿಸ್ಟರ್ ಮುಖದಲ್ಲಿ ಸ್ವಲ್ಪ ಅನುಮಾನ ಕಂಡು ನನ್ನ ಎದೆ ಹೊಡೆದುಕೊಂಡಿತು. ಅವರು ಹೋಗಿ ಡ್ಯೂಟಿ ಡಾಕ್ಟರನ್ನು ಕರೆತಂದರು. ಅವರು ನನ್ನ ಕೈಯನ್ನು ಇನ್ನೂ ಸ್ವಲ್ಪ ಹೊರಗೆ ಸರಿಸಿ ದಿಂಬು ಬದಲಿಸಿದರು. ಅಷ್ಟಕ್ಕೇ ಬಣ್ಣ ಸರಿಹೋಯಿತು. ಬೆಳಗಾಗುವವರೆಗೂ ನಾನು ಅಲುಗಲಿಲ್ಲ.

ಡ್ರೆಸಿಂಗ್ ಬಿಚ್ಚಿದ ದಿನ ನಮ್ಮನೆಯವರ ಕೈಯಲ್ಲಿ ಫೋಟೊ ತೆಗೆಸಿ ನೋಡಿದೆ. ಕಂಕುಳಲ್ಲಿ ಉಬ್ಬಿದ, ಎಲೆ ಆಕಾರದ ಒಂದು ತುಂಡು ಚರ್ಮ. ಸುತ್ತ ಹೊಲಿಗೆ. ಅದರ ನಡುವೆ ಒಂದು ಕಪ್ಪು ಮಚ್ಚೆ. ಆ ಮಚ್ಚೆ ನನ್ನ ಬೆನ್ನಿನಲ್ಲಿತ್ತು! ಚಿಕ್ಕವಳಿದ್ದಾಗ ತಲೆಗೆ ನೀರು ಹಾಕುವಾಗ ಅವ್ವ ಅದನ್ನು ಮುಟ್ಟಿ "ಅದೃಷ್ಟದ ಮಚ್ಚೆ" ಅನ್ನುತ್ತಿದ್ದಳು. ನಾನು ಅದನ್ನು ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ಅದಕ್ಕಿಂತ ದೊಡ್ಡ ವಿಷಯ, ಅಲ್ಲಿ ಕೀವಿಲ್ಲ. ವಾಸನೆ ಇಲ್ಲ. ನಾನು ಅತ್ತೆ.

ಡ್ರೈನ್‌ನಲ್ಲಿ ದಿನಕ್ಕೆ 30 ಮಿಲಿಗಿಂತ ಕಡಿಮೆ ಬರತೊಡಗಿದ ಮೇಲೆ ಒಂದೊಂದಾಗಿ ತೆಗೆದರು. ಹೊಲಿಗೆಯ ಒಂದು ಮೂಲೆ ಸ್ವಲ್ಪ ಬಿಟ್ಟುಕೊಂಡಿತು. ಡ್ರೆಸಿಂಗ್‌ನಲ್ಲೇ ಕೂಡಿತು. ಬೆನ್ನಿನ ಉದ್ದ ಗಾಯ ಕೆಲವು ತಿಂಗಳು ಎಳೆಯುತ್ತಿತ್ತು. ಬ್ರಾ ಪಟ್ಟಿ ಸರಿಯಾಗಿ ಅದರ ಮೇಲೇ ಬರುತ್ತದೆ. ಅಷ್ಟು ದಿನ ಮುಂದೆ ಪ್ರೆಸ್ ಬಟನ್ ಇರುವ ಸಡಿಲ ನೈಟಿಯೇ ಗತಿ. ಜಡೆ ಹಾಕಿದ್ದು ನಾದಿನಿ. ಆದರೆ ಕೈ ಬೇಗ ಮೇಲೆ ಹೋಯಿತು. ಫ್ಲ್ಯಾಪ್‌ನ ದೊಡ್ಡ ಗುಣವೇ ಇದು. ಅದು ಮೆತ್ತಗಿರುತ್ತದೆ, ಕುಗ್ಗುವುದಿಲ್ಲ. ಸ್ವಲ್ಪ ಉಬ್ಬಾಗಿ ಕಾಣುತ್ತದೆ, ಬ್ಲೌಸಿನ ತೋಳು ಸಡಿಲ ಮಾಡಿಸಬೇಕು, ಅಷ್ಟೇ.

ಎಡಗಡೆಯದನ್ನು ಕೆಲವು ತಿಂಗಳ ನಂತರ ಮಾಡಿದರು. ಅದು ಬೇರೆಯದೇ ಅನುಭವ. ಇಲ್ಲಿ ಎರಡು ಹಂತ. ಮೊದಲು ಕಾಯಿಲೆಯ ಜಾಗ ತೆಗೆದು, ಗಾಯವನ್ನು ತೆರೆದೇ ಇಟ್ಟು, ವ್ಯಾಕ್ ಡ್ರೆಸಿಂಗ್ ಹಾಕಿದರು. ಕಪ್ಪು ಸ್ಪಂಜನ್ನು ಗಾಯದ ಆಕಾರಕ್ಕೆ ಕತ್ತರಿಸಿ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ನಳಿಕೆಯಿಂದ ಯಂತ್ರಕ್ಕೆ ಸೇರಿಸುತ್ತಾರೆ. 125 ಎಂಎಂ ಪಾದರಸದ ಒತ್ತಡದಲ್ಲಿ ಅದು ಎಳೆಯುತ್ತಲೇ ಇರುತ್ತದೆ. ಗಾಯದ ತಳದಲ್ಲಿ ಕೆಂಪು ಮಾಂಸ ಬೇಗ ಬೆಳೆಯುತ್ತದೆ. ಪಕ್ಕದ ಬೆಡ್ಡಿನ ಅಕ್ಕ ಯಂತ್ರದ ಸದ್ದಿಗೆ ಎರಡು ರಾತ್ರಿ ಗೊಣಗಿದರು, ಆಮೇಲೆ ಅವರೇ ನನಗೆ ಅನ್ನ ಕಲಸಿಕೊಟ್ಟರು. ಎರಡು ಮೂರು ದಿನಕ್ಕೊಮ್ಮೆ ಸ್ಪಂಜು ಬದಲಿಸುವಾಗಿನ ನೋವು ಈ ಇಡೀ ಪ್ರಯಾಣದಲ್ಲೇ ಕೆಟ್ಟದ್ದು. ಒಂದು ಕಿವಿಮಾತು. ಬದಲಿಸುವುದಕ್ಕೆ ಅರ್ಧ ಗಂಟೆ ಮೊದಲೇ ನೋವಿನ ಇಂಜೆಕ್ಷನ್ ಕೇಳಿ. ಸ್ಪಂಜನ್ನು ಸಲೈನ್‌ನಲ್ಲಿ ಚೆನ್ನಾಗಿ ನೆನೆಸಿ ತೆಗೆಯಲು ಹೇಳಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಕೇಳದಿದ್ದರೆ ಅವಸರದಲ್ಲಿ ಮರೆತುಹೋಗುತ್ತದೆ.

ತಳ ಚೆನ್ನಾಗಿ ಕೆಂಪಾದ ಮೇಲೆ ಕಸಿ. ತೊಡೆಯಿಂದ ತೀರ ತೆಳ್ಳಗೆ ಚರ್ಮ ಕೆರೆದು ತೆಗೆಯುತ್ತಾರೆ, ಮಿಲಿಮೀಟರಿನ ಮೂರನೇ ಒಂದು ಭಾಗ ಇರಬಹುದು. ಅದರಲ್ಲಿ ಸಣ್ಣ ಸಣ್ಣ ತೂತು ಮಾಡಿ ಗಾಯದ ಮೇಲೆ ಹಾಸಿ, ಹತ್ತಿಯ ದಪ್ಪ ಗಂಟನ್ನು ಮೇಲಿಟ್ಟು ಹೊಲಿಗೆಯ ದಾರದಿಂದಲೇ ಬಿಗಿದು ಕಟ್ಟಿದರು. ಕೈಯನ್ನು ಅಗಲಿಸಿ, ಅಲುಗದಂತೆ ಹಿಡಿದಿಡುವ ಪಟ್ಟಿ (ಸ್ಪ್ಲಿಂಟ್) ಹಾಕಿದರು. ಕಸಿಗೆ ತನ್ನದೇ ರಕ್ತನಾಳ ಇರುವುದಿಲ್ಲ. ತಳದಿಂದ ಹೊಸ ನಾಳ ಬರುವವರೆಗೆ ಅದು ಒಂದಿಷ್ಟೂ ಜರುಗಬಾರದು. ಐದನೇ ದಿನ ಬಿಚ್ಚಿದಾಗ ಹೆಚ್ಚಿನ ಭಾಗ ಗುಲಾಬಿ ಬಣ್ಣಕ್ಕೆ ಬಂದು ಹಿಡಿದಿತ್ತು. ಮಡಿಕೆಯ ಆಳದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಹಿಡಿದಿರಲಿಲ್ಲ. ಅದು ತಾನಾಗಿ ತುಂಬಿಕೊಳ್ಳಲು ಬಹಳ ವಾರ ತಗೊಂಡಿತು.

ಯಾರೂ ಮೊದಲೇ ಒತ್ತಿ ಹೇಳದ ವಿಷಯ ತೊಡೆಯದು. ಕಂಕುಳಿಗಿಂತ ಚರ್ಮ ತೆಗೆದ ತೊಡೆಯೇ ಜಾಸ್ತಿ ಉರಿಯುತ್ತದೆ. ಬಿದ್ದು ಮೊಣಕಾಲು ಉಜ್ಜಿಹೋದಾಗ ಆಗುವ ಉರಿಯೇ, ಆದರೆ ಅಂಗೈಗಿಂತ ದೊಡ್ಡ ಜಾಗದಲ್ಲಿ. ಆ ಡ್ರೆಸಿಂಗನ್ನು ಬಿಚ್ಚುವುದಿಲ್ಲ. ಒಣಗಿ ಗಟ್ಟಿಯಾಗಿ, ಕೆಳಗೆ ಚರ್ಮ ಬೆಳೆದ ಮೇಲೆ ತಾನೇ ಅಂಚಿನಿಂದ ಏಳುತ್ತದೆ. ಎದ್ದಷ್ಟನ್ನು ಕತ್ತರಿಯಿಂದ ಕತ್ತರಿಸಿಕೊಳ್ಳಬೇಕು, ಎಳೆಯಬಾರದು. ಸ್ವಲ್ಪ ವಾಸನೆ ಬಂದಾಗ ಹಳೆಯ ಭಯವೆಲ್ಲ ವಾಪಸ್ ಬಂತು. ಒಣಗಿದ ರಕ್ತದ ವಾಸನೆ, ಸೋಂಕಲ್ಲ ಅಂತ ಸಿಸ್ಟರ್ ಬಿಡಿಸಿ ಹೇಳಿದರು.

ಕಸಿಯ ನಿಜವಾದ ಕೆಲಸ ಮನೆಗೆ ಬಂದ ಮೇಲೆ ಶುರು. ತೆಳು ಕಸಿ ತಿಂಗಳುಗಟ್ಟಲೆ ಕುಗ್ಗಲು ನೋಡುತ್ತಿರುತ್ತದೆ. ಕೈ ಮಡಚಿ ಇಟ್ಟುಕೊಂಡರೆ ಆರಾಮ ಅನಿಸುತ್ತದೆ, ಆದರೆ ಕಂಕುಳು ಹಾಗೇ ಬಿಗಿದುಕೊಳ್ಳುತ್ತದೆ. ಫಿಸಿಯೊಥೆರಪಿಯವರು ಗೋಡೆಯ ಪಕ್ಕ ನಿಲ್ಲಿಸಿ ಬೆರಳುಗಳನ್ನು ಗೋಡೆಯ ಮೇಲೆ ನಡೆಸುತ್ತ ಕೈ ಏರಿಸಲು ಕಲಿಸಿದರು. ಅಡುಗೆಮನೆಯ ಗೋಡೆಯಲ್ಲಿ ನಮ್ಮನೆಯವರು ಪೆನ್ಸಿಲ್‌ನಿಂದ ಗೆರೆ ಎಳೆಯುತ್ತಿದ್ದರು. ಬೆಳಗ್ಗೆ ಏರಿದ ಗೆರೆಗೆ ಸಂಜೆ ಮುಟ್ಟಲು ಆಗುತ್ತಿರಲಿಲ್ಲ. ರಾತ್ರಿ ಸ್ಪ್ಲಿಂಟ್ ಹಾಕಿಕೊಂಡೇ ಮಲಗಬೇಕು. ಕಸಿ ಹಾಕಿದ ಚರ್ಮಕ್ಕೆ ಬೆವರು ಗ್ರಂಥಿ, ಎಣ್ಣೆ ಗ್ರಂಥಿ ಎರಡೂ ಇಲ್ಲ. ಒಣಗಿ ಬಿರುಕು ಬಿಡುತ್ತದೆ. ಬೆಳಗ್ಗೆ ಸಂಜೆ ಕೊಬ್ಬರಿ ಎಣ್ಣೆ ಹಚ್ಚಿ ಬೆರಳಿನಿಂದ ಒತ್ತಿ ತಿಕ್ಕಬೇಕು. ಇಷ್ಟು ಮಾಡಿದರೂ ಮುಂಭಾಗದಲ್ಲಿ ಒಂದು ಗಟ್ಟಿ ಪಟ್ಟಿ ಉಳಿದಿದೆ. ಬೇಕಾದರೆ ಅದನ್ನು ಬಿಡಿಸುವ ಚಿಕ್ಕ ಆಪರೇಷನ್ ಇದೆ. ಇನ್ನೂ ಒಂದು ವರ್ಷ ಕಾದು ನೋಡೋಣ ಅಂದಿದ್ದಾರೆ.

ಎರಡರಲ್ಲಿ ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ, ಆಯ್ಕೆ ಇದ್ದರೆ ಫ್ಲ್ಯಾಪ್ ಅನ್ನುತ್ತೇನೆ. ಅದರ ಕಷ್ಟ ಆಸ್ಪತ್ರೆಯಲ್ಲೇ ಬಹುಪಾಲು ಮುಗಿಯುತ್ತದೆ. ಕಸಿಯ ಕಷ್ಟ ಮನೆಗೆ ಜೊತೆಗೇ ಬರುತ್ತದೆ. ಆದರೆ ದೊಡ್ಡ ಜಾಗಕ್ಕೆ ಕಸಿ ಇಲ್ಲದಿದ್ದರೆ ನನ್ನ ಎಡಗಡೆಯ ಕಾಯಿಲೆಯನ್ನು ಪೂರ್ತಿ ತೆಗೆಯಲು ಆಗುತ್ತಿರಲಿಲ್ಲ. ಮುಚ್ಚಲು ಆಗುವಷ್ಟೇ ತೆಗೆಯುತ್ತೇವೆ ಅನ್ನುವ ಸರ್ಜನ್‌ಗಿಂತ, ಪೂರ್ತಿ ತೆಗೆದು ಆಮೇಲೆ ಮುಚ್ಚುವ ದಾರಿ ಹುಡುಕುವವರು ಮೇಲು.

ತೊಡೆಸಂದಿಯಲ್ಲಿ ಡಿರೂಫಿಂಗ್ ಸಾಕಾಯಿತು. ಆ ಜಾಗ ಮರಗಟ್ಟಿಸಿ ಮಾಡಿದರು, ಅವತ್ತೇ ಮನೆಗೆ ಕಳಿಸಿದರು. ತೆರೆದ ಗಾಯ, ದಿನಾ ಶವರ್ ನೀರಿನಲ್ಲಿ ತೊಳೆದು ಪ್ಯಾರಾಫಿನ್ ಗಾಜ್ ಇಡುವುದು. ಮುಟ್ಟಿನ ದಿನಗಳಲ್ಲಿ ಕಿರಿಕಿರಿ. ಉಳಿದಂತೆ ಹೇಳುವಂಥದ್ದೇನೂ ಇಲ್ಲ.

ಕಾಯಿಲೆ ಪೂರ್ತಿ ಹೋಗಿದೆಯಾ? ಇಲ್ಲ. ಆಪರೇಷನ್ ಆದ ಜಾಗದಲ್ಲಿ ಬಂದಿಲ್ಲ. ಎದೆಯ ಕೆಳಗೆ ಒಂದು ಹೊಸ ಗಂಟು ಬಂದು ಇಳಿಯಿತು. ಇಂಜೆಕ್ಷನ್ ಮುಂದುವರಿದಿದೆ. ಇದು ಸಾಕಾಗದಿದ್ದರೆ ಸೆಕುಕಿನುಮ್ಯಾಬ್ ಎಂಬ ಇನ್ನೊಂದು ಇಂಜೆಕ್ಷನ್ ಇದೆ, 2023ರಲ್ಲಿ ಅಮೆರಿಕ, ಯುರೋಪ್ ಎರಡೂ ಕಡೆ ಎಚ್‌ಎಸ್‌ಗೆ ಒಪ್ಪಿಗೆ ಸಿಕ್ಕಿದೆ ಅಂತ ಡಾಕ್ಟರು ಹೇಳಿದ್ದಾರೆ. ಅಂಗಡಿಗೆ ವಾಪಸ್ ಹೋಗಿದ್ದೇನೆ. ಬಲಗೈ ಮೇಲಿನ ರ‍್ಯಾಕ್‌ವರೆಗೆ ಹೋಗುತ್ತದೆ. ಎಡಗೈ ಅದಕ್ಕಿಂತ ಒಂದು ಸಾಲು ಕೆಳಗೆ ನಿಲ್ಲುತ್ತದೆ. ಅಲ್ಲಿಂದ ಮೇಲಿನದನ್ನು ಸ್ಟೂಲ್ ಹತ್ತಿ ತೆಗೆಯುತ್ತೇನೆ. ಯುಗಾದಿಗೆ ಹಳದಿ ಬ್ಲೌಸ್ ಹೊಲಿಸಿಕೊಂಡೆ.

ನಮ್ಮ ಅಕ್ಕನ ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ. ಹೋದ ತಿಂಗಳು ಅವಳು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿ ಕೈ ಎತ್ತಿ ತೋರಿಸಿದಳು. "ಚಿಕ್ಕಮ್ಮ, ಇದು ಅದೇನಾ?" ಅಂದಳು. ಎರಡು ಗಂಟು, ಪಕ್ಕದಲ್ಲಿ ಜೋಡಿ ಕಪ್ಪು ಚುಕ್ಕೆ. ಆ ವಾರವೇ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹರ್ಲಿ ಒಂದು ಅಂದರು. ಸುರಂಗ ಇಲ್ಲ, ಆಪರೇಷನ್‌ನ ಮಾತೇ ಬರಲಿಲ್ಲ. ಹಚ್ಚಲು ಕ್ಲಿಂಡಾಮೈಸಿನ್ ಲೋಷನ್, ನುಂಗಲು ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ಮೂರು ತಿಂಗಳ ನಂತರ ಮತ್ತೆ ತೋರಿಸಬೇಕು.